ತಾಲೀಮು: ಕೇಳುವುದರ ಅಭ್ಯಾಸ

ನಾಟಕದ ತಾಲೀಮೆಂದರೆ ಮಾತುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಎಂಬ ಭಾವನೆ ಪ್ರೇಕ್ಷಕರಲ್ಲಷ್ಟೇ ಅಲ್ಲ, ನಟರಲ್ಲಿಯೂ ಸಾಕಷ್ಟು ಬಲವಾಗಿದೆ. ಬಾಯಿಪಾಠ ಅನಿವಾರ್ಯವೇ ಸರಿ. ಆದರೆ ಅದು ಮುಗಿದ ದಿನವೇ ನಿಜವಾದ ತೊಡಕು ಆರಂಭವಾಗುತ್ತದೆ. ಎದುರಿನ ಪಾತ್ರ ಏನು ಹೇಳಲಿದೆಯೆಂಬುದು ಅಂದಿನಿಂದ ನಟನಿಗೆ ತಿಳಿದುಹೋಗಿರುತ್ತದೆ. ಅವನ ಪಾತ್ರಕ್ಕಾದರೋ ಅದು ತಿಳಿದಿರಬಾರದು. ನಲವತ್ತು ಸಲ ಕೇಳಿದ ಮಾತನ್ನು ನಲವತ್ತೊಂದನೆಯ ಸಲ ಮೊದಲ ಬಾರಿಗೆಂಬಂತೆ ಕೇಳುವುದು ಹೇಗೆ?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಲ್ಲಿ ಬರನಿಯ ಪಾತ್ರ ವಹಿಸಿದಾಗ. 1964ರಲ್ಲಿ ಪ್ರಕಟವಾದ ಈ ನಾಟಕದಲ್ಲಿ ನಟರೆಲ್ಲ ಆಸೆಪಡುವುದು ಸುಲ್ತಾನನ ಪಾತ್ರಕ್ಕೆ. ಇತಿಹಾಸಕಾರ ಬರನಿ ಅವನ ಪಕ್ಕದಲ್ಲಿ ನಿಂತವನು. ಆಡುವುದಕ್ಕಿಂತ ಕೇಳುವುದೇ ಅವನಿಗೆ ಹೆಚ್ಚು. ಮೊದಲ ವಾರ ಚಾಪೆಯ ಮೇಲೆ ಕುಳಿತು ವಾಚನ. ತರುವಾಯ ನೆಲದ ಮೇಲೆ ಸೀಮೆಸುಣ್ಣದಿಂದ ಬಾಗಿಲು, ಮೆಟ್ಟಿಲು, ಸಿಂಹಾಸನಗಳನ್ನು ಗುರುತಿಸಿ ಚಲನೆಗಳನ್ನು ಗೊತ್ತುಮಾಡುವುದು. ಕಚೇರಿ ಮುಗಿಸಿ ಬರುವ ಹವ್ಯಾಸಿಗಳಾದ ನಮಗೆ ಇದೆಲ್ಲ ಸಂಜೆಯ ಎರಡು ಮೂರು ಗಂಟೆಗಳ ಕೆಲಸ. ಚಹಾದ ಹೊತ್ತನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಆರನೆಯ ದೃಶ್ಯವನ್ನೇ ನೋಡಿ. ಪ್ರಾರ್ಥನೆಯ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲಲು ಅಮೀರರು ಹೂಡಿದ ಸಂಚು ಬಯಲಾಗುತ್ತದೆ. ಸುಲ್ತಾನ ಕೈಯಾರೆ ಶಿಹಾಬುದ್ದೀನನನ್ನು ಇರಿಯುತ್ತಾನೆ, ಇರಿಯುತ್ತಲೇ ಹೋಗುತ್ತಾನೆ. ಅವನು ಸತ್ತಿದ್ದಾನೆಂದು ಕೂಗಿ ಹೇಳುವವನು ಬರನಿ. ಇದನ್ನು ಎಷ್ಟನೆಯ ಇರಿತದ ಮೇಲೆ ಹೇಳಬೇಕು? ಮೊದಲು ಐದೆಂದು ಎಣಿಕೆ ಗೊತ್ತಾಗಿತ್ತು. ಎಣಿಸುತ್ತಿರುವವನ ಮುಖ ಲೆಕ್ಕ ಕೂಡಿಸುವ ಅಂಗಡಿಯವನ ಮುಖದಂತಿರುತ್ತದೆಯೇ ಹೊರತು ಅಲ್ಲಿ ಗಾಬರಿಗೆ ಎಡೆಯಿಲ್ಲ. ನಿರ್ದೇಶಕರು ಎಣಿಕೆಯನ್ನೇ ಕಿತ್ತುಹಾಕಿದರು. ಸುಲ್ತಾನನ ಪಾತ್ರಧಾರಿ ಅಂದಂದಿಗೆ ತೋಚಿದಷ್ಟು ಸಲ ಇರಿಯತಕ್ಕದ್ದು. ನಾನು ಅವನ ಕೈಯನ್ನು ನೋಡದೆ ಉಸಿರನ್ನು ಕೇಳತಕ್ಕದ್ದು. ಅಂದಿನಿಂದ ದೃಶ್ಯದ ಅವಧಿ ಪ್ರತಿ ಸಂಜೆ ತುಸು ಬೇರೆಯಾಗತೊಡಗಿತು. ಬೆಳಕಿನವರು ಗೊಣಗಿದರು; ಅವರ ಕಷ್ಟವೂ ಸುಳ್ಳಲ್ಲ.

ಸುಲ್ತಾನನ ಕ್ರೌರ್ಯವನ್ನು ಪ್ರೇಕ್ಷಕ ಅಳೆಯುವುದು ಬರನಿಯ ಮುಖದಿಂದ. ಅಲ್ಲಿ ಮೆಚ್ಚುಗೆ ಇನ್ನೂ ಉಳಿದಿರಬೇಕು, ಜಿಗುಪ್ಸೆ ಆಗಲೇ ಹುಟ್ಟಿರಬೇಕು. ಇಲ್ಲವಾದರೆ ಸುಲ್ತಾನ ಬರಿಯ ಹುಚ್ಚನಾಗಿ ಕಾಣುತ್ತಾನೆ.

ಅಭ್ಯಾಸಬಲದ ಈ ಜಡತೆ ದೊಡ್ಡವರನ್ನೂ ಬಿಟ್ಟಿಲ್ಲ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಸ್ಥಾಪಿಸಿದವರಲ್ಲೊಬ್ಬನಾದ ಸ್ತಾನಿಸ್ಲಾವ್‌ಸ್ಕಿ, 1906ರ ಬೇಸಗೆಯಲ್ಲಿ ಫಿನ್ಲೆಂಡಿನಲ್ಲಿದ್ದಾಗ, ಇಬ್ಸೆನ್ನನ ಡಾಕ್ಟರ್ ಸ್ಟಾಕ್‌ಮನ್ನನ ಪಾತ್ರದಲ್ಲಿ ತನಗೆ ಹೊರಗಿನ ಅಂಗಚಲನೆಗಳಷ್ಟೇ ಉಳಿದು ಒಳಗಿನ ಪ್ರೇರಣೆ ಬತ್ತಿದೆಯೆಂದು ಕಂಡುಕೊಂಡ. ಆತನ ಅಭಿನಯಶೋಧನೆಗೆ ಅದೊಂದು ಮುಖ್ಯ ಕಾರಣವಾಯಿತು.

ನಮ್ಮ ನಿರ್ದೇಶಕರು ಹೇಳಿಕೊಟ್ಟ ಉಪಾಯ ಇನ್ನೂ ಸರಳ. ಬರನಿ ಚರಿತ್ರೆ ಬರೆಯುವವನಲ್ಲವೇ? ಸುಲ್ತಾನನ ಪ್ರತಿಯೊಂದು ಮಾತಿಗೂ ‘ಇದನ್ನು ಬರೆಯಲೋ ಬಿಡಲೋ’ ಎಂದು ಮನಸ್ಸಿನಲ್ಲೇ ನಿರ್ಧರಿಸುತ್ತ ಹೋಗು ಎಂದರು. ಆಶ್ಚರ್ಯವೆಂದರೆ, ಸೋಮವಾರ ಬರೆದುಕೊಂಡದ್ದನ್ನು ಗುರುವಾರ ಬರೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಮಾತು ಅದೇ, ನಿರ್ಧಾರ ಹೊಸದು. ಹಾಗಾಗಿ ಕಿವಿ ನಿದ್ದೆಹೋಗಲಿಲ್ಲ.

ಕೊನೆಯ ದೃಶ್ಯದಲ್ಲಿ ಬರನಿ ಸುಲ್ತಾನನ ಅಪ್ಪಣೆ ಬೇಡಿ ಹೊರಡುತ್ತಾನೆ. ಆ ನಿರ್ಗಮನಕ್ಕೆ ನಾವು ಒಂದಿಡೀ ಸಂಜೆಯನ್ನು ವ್ಯಯಿಸಿದೆವು. ಸೀಮೆಸುಣ್ಣದ ಬಾಗಿಲಿಗೆ ಏಳೇ ಹೆಜ್ಜೆ. ಆದರೆ ನಾಲ್ಕನೆಯ ಹೆಜ್ಜೆಯಲ್ಲಿ ಬೆನ್ನ ಹಿಂದಿನಿಂದ ಸುಲ್ತಾನ ಮತ್ತೆ ಕರೆದಾನೇ ಎಂದು ಕಿವಿ ಕಾಯುತ್ತದೆ. ಅವನು ಕರೆಯುವುದಿಲ್ಲ. ಕರೆಯುವುದಿಲ್ಲವೆಂದು ಗೊತ್ತಿದ್ದೂ ಗ್ರ್ಯಾಂಡ್ ರಿಹರ್ಸಲಿನ ರಾತ್ರಿಯವರೆಗೂ ನನ್ನ ಕಾಲು ಅಲ್ಲಿ ಒಂದು ಕ್ಷಣ ತಡೆಯುತ್ತಲೇ ಇತ್ತು.