ಮನೆಯಲ್ಲಿಯೇ ಉಣ್ಣೆಯ ಉಡುಪು

ಧಾರವಾಡದ ಚಳಿಗೆ ಒಂದು ಕಂಬಳಿ ಸಾಕಾಗುತ್ತಿತ್ತು. ದಿಲ್ಲಿಯ ಚಳಿ ಹಾಗಲ್ಲ. ದೀಪಾವಳಿ ಕಳೆಯುತ್ತಲೇ ಮನೆಮಂದಿಗೆಲ್ಲ ಉಣ್ಣೆಯ ಉಡುಪು ಬೇಕು. ಮಕ್ಕಳಂತೂ ಹಿಂದಿನ ವರ್ಷದ ಸ್ವೆಟರನ್ನು ತೊಡಲಾಗದಷ್ಟು ಬೆಳೆದಿರುತ್ತಾರೆ. ಇಂತಹ ಸಂಸಾರಕ್ಕೆ ಹೆಣಿಗೆ ಯಂತ್ರವು ಎಷ್ಟರ ಮಟ್ಟಿಗೆ ಉಪಯುಕ್ತವೆಂಬುದನ್ನು ನಮ್ಮ ಅನುಭವದ ಮೇಲಿಂದ ತಿಳಿಸಬಯಸುತ್ತೇನೆ.

ಈ ಯಂತ್ರ ಹೊಸದೇನೂ ಅಲ್ಲ. 1589ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದನು. ಎಲಿಜಬೆತ್ ರಾಣಿಯಿಂದ ಹಕ್ಕುಪತ್ರ ದೊರೆಯದೆ ಆತ ಫ್ರಾನ್ಸಿಗೆ ಹೋಗಬೇಕಾಯಿತು. ಅಮೆರಿಕದ ಐಸಾಕ್ ಲ್ಯಾಂಬ್ ಎಂಬವನು ಚಪ್ಪಟೆ ಯಂತ್ರಕ್ಕೆ ಹಕ್ಕು ಪಡೆದುದು 1863ರಲ್ಲಿ. ನಮ್ಮ ದೇಶದಲ್ಲಿ ಉಣ್ಣೆಯ ಹೆಣಿಗೆಗೆ ಲೂಧಿಯಾನ ಹೆಸರುವಾಸಿಯಾಗಿದೆ.

ಮನೆಬಳಕೆಯ ಸಾಮಾನ್ಯ ಯಂತ್ರದಲ್ಲಿ 200 ಸೂಜಿಗಳು ಸಾಲಾಗಿರುತ್ತವೆ. ಪ್ರತಿಯೊಂದರ ತುದಿಗೆ ಕೊಕ್ಕೆ, ಕೊಕ್ಕೆಗೆ ಪುಟ್ಟ ಬಾಗಿಲಿನಂತಹ ಒಂದು ನಾಲಗೆ. ಸೂಜಿ ಮುಂದೆ ಬಂದಾಗ ಹಳೆಯ ಕುಣಿಕೆ ನಾಲಗೆಯ ಹಿಂದೆ ಸರಿಯುತ್ತದೆ. ಕೊಕ್ಕೆ ಹೊಸ ಎಳೆಯನ್ನು ಹಿಡಿದು ಹಿಂದಿರುಗುವಾಗ ಹಳೆಯ ಕುಣಿಕೆಯು ನಾಲಗೆಯನ್ನು ಮುಚ್ಚಿ ಕಳಚಿಕೊಳ್ಳುತ್ತದೆ. ಮೇಲಿನ ಕ್ಯಾರೇಜನ್ನು ಒಮ್ಮೆ ಈ ಕಡೆಯಿಂದ ಆ ಕಡೆಗೆ ಎಳೆದರೆ ಒಂದು ಸಾಲು ಪೂರ್ತಿಯಾಯಿತು. ಕೈಕಡ್ಡಿಯಲ್ಲಿ ಹಲವು ನಿಮಿಷ ಹಿಡಿಯುವ ಕೆಲಸ ಇಲ್ಲಿ ಕ್ಷಣಮಾತ್ರದ್ದು.

ಆದರೆ ತಪ್ಪು ಕೂಡ ಅಷ್ಟೇ ಬೇಗ ಆಗುತ್ತದೆ. ನಮ್ಮ ಮನೆಯಾಕೆ ತಾನು ಕೂಡಿಟ್ಟ ಹಣದಿಂದ ಹಳೆಯದೊಂದು ಯಂತ್ರ ಕೊಂಡು, ಊರಿನಿಂದ ಬಂದಿದ್ದ ನನ್ನ ತಾಯಿಯವರಿಗೆ ಮೊದಲ ಸ್ವೆಟರ್ ಹೆಣೆದಳು. ಪುಸ್ತಕದಲ್ಲಿದ್ದ ಲೆಕ್ಕ ದಪ್ಪ ಉಣ್ಣೆಯದು; ಇವಳ ಕೈಯಲ್ಲಿದ್ದುದು ತೆಳ್ಳಗಿನದು. ಸ್ವೆಟರ್ ಭುಜದಿಂದ ಕೆಳಗಿಳಿಯಲಿಲ್ಲ. ನಾನು ದುಡುಕಿ, “ಯಂತ್ರ ಮಾರಿಬಿಡೋಣ” ಎಂದೆ. ಅವಳು ಮರುಮಾತಾಡದೆ ಅದಕ್ಕೆ ಬಟ್ಟೆ ಹೊದಿಸಿದಳು. ಹದಿನೈದು ದಿನ ಮುಟ್ಟಲಿಲ್ಲ. ಕೊನೆಗೆ ತಾಯಿಯವರೇ ಆ ಸ್ವೆಟರನ್ನು ತಂದು ಅವಳ ಮುಂದಿಟ್ಟು, “ಬಟ್ಟಿ ಕತ್ತರಿಸಿದ್ರ ಹೋತು. ಇದು ಎಳಿ ಅಲ್ಲೇನವಾ? ಬಿಚ್ಚು, ಮತ್ತ ಹೆಣಿ” ಎಂದರು.

ಹೆಣಿಗೆಯ ದೊಡ್ಡ ಗುಣವೇ ಅದು. ಬಿಚ್ಚಿದ ನೂಲನ್ನು ಲಡಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ತೂಗಹಾಕಿದರೆ ಸುಕ್ಕು ಬಿಡುತ್ತದೆ.

ಈ ಸಲ ಲೆಕ್ಕವನ್ನು ನಾನೇ ವಹಿಸಿಕೊಂಡೆ. ಮೊದಲು ಅದೇ ಉಣ್ಣೆಯಲ್ಲಿ 40 ಸೂಜಿ, 60 ಸಾಲಿನ ಮಾದರಿಯ ತುಂಡು ಹೆಣೆದು, ಒಂದು ರಾತ್ರಿ ಬಿಟ್ಟು, ನಡುವಿನಲ್ಲಿ ಅಳೆಯಬೇಕು. 10 ಸೆಂಟಿಮೀಟರಿಗೆ ಅಗಲದಲ್ಲಿ 30 ಕುಣಿಕೆ, ಉದ್ದದಲ್ಲಿ 40 ಸಾಲು ಬಂದಿತೆನ್ನಿ. ಮಗುವಿನ ಎದೆಯ ಸುತ್ತಳತೆ 60 ಸೆಂಟಿಮೀಟರಾದರೆ ಸಡಿಲಿಕೆಗೆ 6 ಸೇರಿಸಿ, ಅರ್ಧ ಮಾಡಿದರೆ ಬೆನ್ನಿನ ಭಾಗಕ್ಕೆ 33. ಅದಕ್ಕೆ 99 ಕುಣಿಕೆ. ಹೊಲಿಗೆಗೆ ಎರಡು ಕೂಡಿಸಿ 101. ಕಂಕುಳವರೆಗೆ 25 ಸೆಂಟಿಮೀಟರ್ ಬೇಕಿದ್ದರೆ 100 ಸಾಲು. ಉಣ್ಣೆ ಬದಲಾದರೆ ಮಾದರಿಯ ತುಂಡನ್ನೂ ಹೊಸದಾಗಿ ಹೆಣೆಯಲೇಬೇಕು.

ಹಳೆಯ ಯಂತ್ರ ಕೊಳ್ಳುವವರು ಸೂಜಿಗಳ ನಾಲಗೆ ಸಲೀಸಾಗಿ ಆಡುವುದೇ ಎಂದು ನೋಡಬೇಕು. ಸೂಜಿಗಳನ್ನು ಒತ್ತಿಹಿಡಿಯುವ ಪಟ್ಟಿಯ ಸ್ಪಂಜು ಚಪ್ಪಟೆಯಾಗಿದ್ದರೆ ಕುಣಿಕೆಗಳು ಜಾರುತ್ತವೆ. ಅದನ್ನು ಬದಲಿಸಿಯೇ ಕೆಲಸಕ್ಕೆ ತೊಡಗುವುದು ಲೇಸು. ಗಂಟಿರುವ ನೂಲು ಯಂತ್ರಕ್ಕೆ ಸಲ್ಲದು.

ಇದರಿಂದ ಹಣ ಉಳಿಯುವುದೇ ಎಂದು ಕೇಳಿದರೆ, ಪೇಟೆಯ ಅಗ್ಗದ ಸ್ವೆಟರಿನೊಡನೆ ಸ್ಪರ್ಧೆ ಸಾಧ್ಯವಿಲ್ಲವೆಂದು ಒಪ್ಪುತ್ತೇನೆ. ಆದರೆ ಅಳತೆ ನಮ್ಮದು, ಉಣ್ಣೆ ನಾವು ಆರಿಸಿದ್ದು. ಮಗು ಬೆಳೆದರೆ ಬಿಚ್ಚಿ, ಒಂದಿಷ್ಟು ನೂಲು ಸೇರಿಸಿ, ಮತ್ತೆ ಹೆಣೆಯಬಹುದು.

ತಾಯಿಯವರು ಎರಡನೆಯ ಸಲ ಹೆಣೆದ ಆ ಸ್ವೆಟರನ್ನೇ ತೊಟ್ಟು ಧಾರವಾಡದ ರೈಲು ಹತ್ತಿದರು. ಅಲ್ಲಿ ಅಷ್ಟು ಚಳಿಯಿಲ್ಲ. ಆದರೂ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರಂತೆ. ಯಂತ್ರ ಮಾರುವ ಮಾತನ್ನು ನಾನು ಮತ್ತೆ ಎತ್ತಿಲ್ಲ.