ಇಷ್ಟ ಬೇರೆ, ಧೈರ್ಯ ಬೇರೆ: ಹತ್ತರ ನಂತರದ ಆಯ್ಕೆಗೆ ಎರಡು ಅಳತೆ

ದೋಹಾದಲ್ಲಿ ಶುಕ್ರವಾರ ರಜೆ. ಮಧ್ಯಾಹ್ನದ ಊಟ ಮುಗಿಸಿ ಊರಿಗೆ ಫೋನ್ ಮಾಡುವುದು ನಮ್ಮಂಥ ಮನೆಗಳ ವಾಡಿಕೆ. ನಮ್ಮ ಮಗಳು ಹತ್ತನೇ ತರಗತಿಯಲ್ಲಿದ್ದ ವರ್ಷ ಆ ಫೋನಿನಲ್ಲಿ ಪ್ರತಿ ವಾರವೂ ಬರುತ್ತಿದ್ದದ್ದು ಒಂದೇ ಪ್ರಶ್ನೆ. ಉಡುಪಿಯಿಂದ ಅಜ್ಜಿ ಕೇಳುತ್ತಿದ್ದರು: "ಹುಡುಗಿಗೆ ಹತ್ತು ಮುಗೀತಾ ಬಂತಲ್ಲ, ಮುಂದೆ ಏನು ಮಾಡಿಸ್ತೀರಿ?"

ನಮ್ಮ ಬಳಿ ಉತ್ತರ ತಯಾರಿತ್ತು. ಕಾಮರ್ಸ್. ಮಗಳ ಅಕ್ಷರ ದುಂಡಗೆ, ಲೆಕ್ಕ ಅಚ್ಚುಕಟ್ಟು, ಮಾತು ಕಡಿಮೆ. ಅಕೌಂಟ್ಸ್ ಕಲಿತವರಿಗೆ ಗಲ್ಫ್‌ನಲ್ಲಿ ಕೆಲಸ ಸಿಗುತ್ತದೆ ಎಂಬುದು ನಾವು ಕಣ್ಣಾರೆ ಕಂಡದ್ದು. ಅವಳನ್ನು ಮಾತ್ರ ನಾವು ಕೇಳಿರಲಿಲ್ಲ.

ಇಲ್ಲಿನ ಭಾರತೀಯ ಶಾಲೆಗಳಲ್ಲಿ ಹೆಚ್ಚಿನವು ಸಿಬಿಎಸ್‌ಇ ಪಠ್ಯಕ್ರಮದವು. ಹತ್ತರ ಪರೀಕ್ಷೆ ಮುಗಿದ ಬೆನ್ನಿಗೇ ಹನ್ನೊಂದರ ವಿಭಾಗ ಆರಿಸಿಕೊಳ್ಳಬೇಕು, ಯೋಚಿಸಲು ಸಮಯ ಕಡಿಮೆ. ಆ ಹೊತ್ತಿನಲ್ಲಿ ಶಾಲೆಯ ಕೌನ್ಸೆಲರ್ ಮೇಡಂ ಮಗಳ ಕೈಯಲ್ಲಿ ಎರಡು ಹಾಳೆ ತುಂಬಿಸಿ, ನಮ್ಮಿಬ್ಬರನ್ನೂ ಕರೆಸಿದರು. ಮೊದಲ ಹಾಳೆಯಲ್ಲಿ ಹತ್ತಾರು ಕೆಲಸಗಳ ಪಟ್ಟಿ, ಪ್ರತಿಯೊಂದರ ಮುಂದೆ "ಇದು ನಿನಗೆ ಎಷ್ಟು ಇಷ್ಟ?" ಎಂಬ ಪ್ರಶ್ನೆ. ಎರಡನೇ ಹಾಳೆಯಲ್ಲೂ ಅಂಥದೇ ಕೆಲಸಗಳು, ಪ್ರಶ್ನೆ ಮಾತ್ರ ಬೇರೆ: "ಇದನ್ನು ಮಾಡಬಲ್ಲೆ ಎಂಬ ಧೈರ್ಯ ನಿನಗೆ ಎಷ್ಟು?" ಎರಡಕ್ಕೂ ಒಂದರಿಂದ ಐದರವರೆಗೆ ಅಂಕ.

ಲೆಕ್ಕ, ದಾಖಲೆಯ ಕೆಲಸಗಳಲ್ಲಿ ಮಗಳ ಧೈರ್ಯ ಎಲ್ಲಕ್ಕಿಂತ ಮೇಲಿತ್ತು, ಇಷ್ಟ ಮಧ್ಯಮ. ಯಂತ್ರ, ಉಪಕರಣ, ಬಿಚ್ಚಿ ಜೋಡಿಸುವ ಕೆಲಸಗಳಲ್ಲಿ ಇಷ್ಟ ಎಲ್ಲಕ್ಕಿಂತ ಮೇಲಿತ್ತು, ಧೈರ್ಯ ಎಲ್ಲಕ್ಕಿಂತ ಕೆಳಗೆ. "ನೋಡಿ ಮೇಡಂ, ಕಾಮರ್ಸೇ ಸರಿ" ಎಂದೆವು. ಅವರು ಕೇಳಿದ್ದು ಇಷ್ಟೇ: "ಇವಳು ಮನೆಯಲ್ಲಿ ಯಾವತ್ತಾದರೂ ಸ್ಕ್ರೂಡ್ರೈವರ್ ಹಿಡಿದಿದ್ದಾಳಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಫ್ಲ್ಯಾಟಿನಲ್ಲಿ ಬಲ್ಬ್ ಹೋದರೂ ನಲ್ಲಿ ಸೋರಿದರೂ ಕಟ್ಟಡದ ನಾತೂರ್‌ಗೆ ಫೋನ್ ಮಾಡುವುದು ನಮ್ಮ ರೂಢಿ. ರಜೆಯಲ್ಲಿ ಊರಿಗೆ ಹೋದರೆ ಪಂಪ್ ರಿಪೇರಿಗೆ ತಮ್ಮನನ್ನು ಕರೆಯುತ್ತಾರೆ, ಇವಳನ್ನು ಅಡುಗೆಮನೆಗೆ. ಒಮ್ಮೆಯೂ ಕೈಗೆ ಕೊಡದ ಕೆಲಸದಲ್ಲಿ ಧೈರ್ಯ ಬರುವುದಾದರೂ ಎಲ್ಲಿಂದ?

ಈ ಎರಡು ಹಾಳೆಗಳ ಹಿಂದೆ ದೊಡ್ಡ ಇತಿಹಾಸವೇ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಟ್ರಾಂಗ್ 1927ರಲ್ಲಿ ವೃತ್ತಿ ಆಸಕ್ತಿಯನ್ನು ಅಳೆಯುವ ಪ್ರಶ್ನಾವಳಿ ಹೊರತಂದರು. ಆಮೇಲೆ ಫ್ರೆಡೆರಿಕ್ ಕುಡರ್ ಮೂರು ಮೂರು ಕೆಲಸ ಕೊಟ್ಟು, ಹೆಚ್ಚು ಇಷ್ಟವಾದದ್ದನ್ನೂ ಕಡಿಮೆ ಇಷ್ಟವಾದದ್ದನ್ನೂ ಗುರುತಿಸುವ ಕ್ರಮ ತಂದರು. 1959ರಲ್ಲಿ ಜಾನ್ ಹಾಲೆಂಡ್ ತಮ್ಮ ಸಿದ್ಧಾಂತ ಮಂಡಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವುದು ಅವರ ಆರು ಗುಂಪುಗಳೇ: ಯಂತ್ರ ಮತ್ತು ಕೈಕೆಲಸ, ಶೋಧನೆ, ಕಲೆ, ಜನರಿಗೆ ನೆರವು, ವ್ಯವಹಾರ ಮತ್ತು ಮುಂದಾಳತ್ವ, ಲೆಕ್ಕ ಮತ್ತು ದಾಖಲೆ.

ಇಷ್ಟವನ್ನು ಅಳೆದರೆ ಸಾಲದು ಎಂಬುದು ತಿಳಿದದ್ದು ತಡವಾಗಿ. 1977ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ, 'ನನ್ನಿಂದ ಆಗುತ್ತದೆ' ಎಂಬ ನಂಬಿಕೆಯೇ ಮನುಷ್ಯ ಒಂದು ಕೆಲಸಕ್ಕೆ ಕೈ ಹಾಕುವುದನ್ನೂ ಬಿಡುವುದನ್ನೂ ಬಹುಮಟ್ಟಿಗೆ ತೀರ್ಮಾನಿಸುತ್ತದೆ ಎಂದರು. ಇದನ್ನು ವೃತ್ತಿ ಆಯ್ಕೆಗೆ ತಂದವರು ನ್ಯಾನ್ಸಿ ಬೆಟ್ಜ್ ಮತ್ತು ಗೇಲ್ ಹ್ಯಾಕೆಟ್. 1981ರ ಅಧ್ಯಯನದಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳ ಮುಂದೆ 20 ವೃತ್ತಿಗಳನ್ನಿಟ್ಟರು. 10 ಗಂಡಸರದೆಂದು ರೂಢಿಯಾದವು, 10 ಹೆಂಗಸರದೆಂದು ರೂಢಿಯಾದವು. ಹುಡುಗರ ಧೈರ್ಯ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಇತ್ತು. ಹುಡುಗಿಯರ ಧೈರ್ಯ ಮಾತ್ರ 'ಗಂಡಸರ' ವೃತ್ತಿಗಳಲ್ಲಿ ಇಳಿಯಿತು. ಆದರೆ ಗಣಿತ ಮತ್ತು ಇಂಗ್ಲಿಷ್ ಸಾಮರ್ಥ್ಯದ ಅಂಕಗಳಲ್ಲಿ ಇಬ್ಬರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಹಾಗಾಗಿ ಅವರನ್ನು ತಡೆಯುತ್ತಿದ್ದದ್ದು ಬುದ್ಧಿಯ ಕೊರತೆಯಲ್ಲ, ನಂಬಿಕೆಯ ಕೊರತೆ. 1996ರಲ್ಲಿ ಬೆಟ್ಜ್ ಮತ್ತು ಸಂಗಡಿಗರು ಹಾಲೆಂಡ್‌ರ ಆರೂ ಗುಂಪುಗಳಲ್ಲಿ ಧೈರ್ಯವನ್ನು ಅಳೆಯುವ 60 ಪ್ರಶ್ನೆಗಳ ಪರೀಕ್ಷೆ ರೂಪಿಸಿದರು. ಆಸಕ್ತಿಯ ವರದಿಯನ್ನೂ ಇದನ್ನೂ ಪಕ್ಕ ಪಕ್ಕ ಇಟ್ಟು ಓದುವ ಕ್ರಮ ಹೀಗೆ ಬಂತು.

ಕತಾರ್‌ನಲ್ಲೂ ಈ ಕೆಲಸ ನಡೆಯುತ್ತಿದೆ. ಕತಾರ್ ಫೌಂಡೇಶನ್‌ಗೆ ಸೇರಿದ ಕತಾರ್ ವೃತ್ತಿ ಅಭಿವೃದ್ಧಿ ಕೇಂದ್ರ ಕುಡರ್ ಹೆಸರಿನ ಅಮೆರಿಕನ್ ಸಂಸ್ಥೆಯ ಜೊತೆಗೂಡಿ ವೃತ್ತಿ ಮಾರ್ಗದರ್ಶನದ ಆನ್‌ಲೈನ್ ವ್ಯವಸ್ಥೆಯೊಂದನ್ನು ಅರೇಬಿಕ್ ಮತ್ತು ಇಂಗ್ಲಿಷ್‌ನಲ್ಲಿ ತಂದಿದೆ. ಕುಡರ್ ಸಂಸ್ಥೆಯ ಪರೀಕ್ಷೆಗಳಲ್ಲಿ ಆಸಕ್ತಿ, ಕೌಶಲದ ಮೇಲಿನ ಧೈರ್ಯ, ಕೆಲಸದಲ್ಲಿ ಬಯಸುವ ಮೌಲ್ಯಗಳು ಎಂದು ಮೂರನ್ನೂ ಬೇರೆ ಬೇರೆಯಾಗಿಯೇ ಅಳೆಯುತ್ತಾರೆ.

ಎರಡು ಹಾಳೆ ಪಕ್ಕ ಪಕ್ಕ ಇಟ್ಟರೆ ನಾಲ್ಕು ಬಗೆಯ ಫಲ ಕಾಣುತ್ತದೆ. ಇಷ್ಟವೂ ಧೈರ್ಯವೂ ಹೆಚ್ಚಿದ್ದರೆ ಆ ದಾರಿಯನ್ನು ಮೊದಲು ನೋಡಬೇಕು. ಎರಡೂ ಕಡಿಮೆಯಿದ್ದರೆ ಸದ್ಯಕ್ಕೆ ಬದಿಗಿಡಬಹುದು. ಧೈರ್ಯ ಹೆಚ್ಚು, ಇಷ್ಟ ಕಡಿಮೆ ಎಂದಾದರೆ ಮಗು ಮಾಡಬಲ್ಲದು, ಆದರೆ ಮೂವತ್ತು ವರ್ಷ ಅದನ್ನೇ ಮಾಡಲು ಬಯಸುತ್ತದೆಯೇ ಎಂದು ಕೇಳಬೇಕು. ಇಷ್ಟ ಹೆಚ್ಚು, ಧೈರ್ಯ ಕಡಿಮೆ ಎಂಬ ನಾಲ್ಕನೆಯದರಲ್ಲೇ ತಂದೆತಾಯಿ ಎಡವುವುದು. ನಾವೂ ಎಡವಿದ್ದು ಅಲ್ಲೇ. 'ಆಗುವುದಿಲ್ಲ' ಎಂದು ನಾವು ಓದಿದ್ದರ ನಿಜವಾದ ಅರ್ಥ 'ಇನ್ನೂ ಮಾಡಿ ನೋಡಿಲ್ಲ' ಎಂದಿರಬಹುದು.

ಧೈರ್ಯ ಹುಟ್ಟುವುದು ಎಲ್ಲಿಂದ ಎಂಬುದಕ್ಕೆ ಬಂಡೂರ ನಾಲ್ಕು ಮೂಲ ಹೇಳಿದ್ದಾರೆ. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು, ಎಲ್ಲಕ್ಕಿಂತ ಬಲವಾದದ್ದೂ ಅದೇ. ಆಮೇಲೆ ತನ್ನಂಥವರು ಮಾಡುವುದನ್ನು ನೋಡುವುದು, ನಂಬಿಕೆಯವರ ಪ್ರೋತ್ಸಾಹದ ಮಾತು, ಭಯ ಗಾಬರಿ ಇಲ್ಲದ ಸ್ಥಿತಿ. ಗಲ್ಫ್‌ನಲ್ಲಿ ಬೆಳೆಯುವ ಮಕ್ಕಳಿಗೆ ಮೊದಲ ಎರಡೂ ಕಡಿಮೆ. ಶಾಲೆ ಬಸ್ಸು, ಫ್ಲ್ಯಾಟು, ಟ್ಯೂಷನ್ನು, ಮಾಲು. ಅಪ್ಪ ಮಾಡುವ ಕೆಲಸವನ್ನು ಮಕ್ಕಳು ಕಣ್ಣಿಂದ ಕಂಡಿರುವುದಿಲ್ಲ.

ಅಪ್ಪ ಇಲ್ಲಿ, ಹೆಂಡತಿ ಮಕ್ಕಳು ಊರಲ್ಲಿ ಎಂಬ ಮನೆಗಳ ಕಷ್ಟ ಇನ್ನೊಂದು ಬಗೆಯದು. ಎಸ್‌ಎಸ್‌ಎಲ್‌ಸಿ ಮುಗಿದ ಮಗನಿಗೆ ಪಿಯುಸಿ ವಿಜ್ಞಾನವೋ, ಡಿಪ್ಲೊಮಾವೋ, ಐಟಿಐಯೋ ಎಂಬುದು ವಿಡಿಯೊ ಕಾಲ್‌ನಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಗಿಡಿಯನ್ ಅರುಲ್ಮಣಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಭಾರತದ ಪ್ರೌಢಶಾಲಾ ಮಕ್ಕಳಲ್ಲಿ ಓದು ಮತ್ತು ವೃತ್ತಿಯ ಬಗೆಗಿನ ನಕಾರಾತ್ಮಕ ನಂಬಿಕೆಗಳು ಆರ್ಥಿಕವಾಗಿ ಕೆಳಗಿನ ಮನೆಗಳಲ್ಲಿ ಹೆಚ್ಚು ಎಂಬುದನ್ನು ಅದು ತೋರಿಸಿತು. 'ನಮ್ಮಂಥವರಿಗೆ ಅದೆಲ್ಲ ಅಲ್ಲ' ಎಂಬ ಮಾತು ಮಗುವಿನ ಕಿವಿಗೆ ಮೊದಲು ಬೀಳುವುದು ಮನೆಯಲ್ಲೇ. ದೂರದಿಂದ ದುಡ್ಡು ಕಳಿಸುವ ಅಪ್ಪ "ಮಾಡಿ ನೋಡು, ತಪ್ಪಿದರೆ ನಾನಿದ್ದೇನೆ" ಎಂದರೆ ಆ ಮಾತಿಗೂ ಬೆಲೆಯಿದೆ.

ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಆರು ಗುಂಪಿನಿಂದ ಎರಡೆರಡು ಕೆಲಸ ಬರೆಯಿರಿ: ಫ್ಯಾನ್ ರಿಪೇರಿ, ನೀರಿನ ಗುಣ ಪರೀಕ್ಷೆ, ಪೋಸ್ಟರ್ ಬಿಡಿಸುವುದು, ಚಿಕ್ಕ ಮಕ್ಕಳಿಗೆ ಪಾಠ, ಸಂಘದ ಕಾರ್ಯಕ್ರಮದಲ್ಲಿ ಮಳಿಗೆ ನಡೆಸುವುದು, ಮನೆ ಖರ್ಚಿನ ಲೆಕ್ಕ, ಹೀಗೆ. ಇಷ್ಟಕ್ಕೊಂದು, ಧೈರ್ಯಕ್ಕೊಂದು ಅಂಕ ಮಗುವೇ ಹಾಕಲಿ. ಇಷ್ಟ ಹೆಚ್ಚಿದ್ದು ಧೈರ್ಯ ಕಡಿಮೆಯಿದ್ದ ಕೆಲಸವನ್ನು ರಜೆಯಲ್ಲಿ ನಿಜವಾಗಿ ಮಾಡಿಸಿ, ಮತ್ತೆ ಅಂಕ ಕೇಳಿ. ಇದು ಕೌನ್ಸೆಲರ್‌ಗೆ ಬದಲಿಯಲ್ಲ, ಅವರ ಬಳಿ ಹೋಗುವ ಮುನ್ನ ಮಾಡಿಕೊಳ್ಳುವ ತಯಾರಿ ಅಷ್ಟೇ.

ಎರಡು ಎಚ್ಚರಿಕೆಯ ಮಾತು. ಹದಿನೈದರ ಹರೆಯದ ಇಷ್ಟ ಬದಲಾಗಬಹುದು, ಆದ್ದರಿಂದ ಯಾವ ವರದಿಯೂ ಜಾತಕವಲ್ಲ. ಅಂಕಪಟ್ಟಿ, ಸಾಮರ್ಥ್ಯ ಪರೀಕ್ಷೆ, ಮನೆಯ ಹಣಕಾಸು ಎಲ್ಲವನ್ನೂ ಜೊತೆಗಿಟ್ಟು ನೋಡಬೇಕು. ಇನ್ನೊಂದು, ಬೆರಳಚ್ಚು ನೋಡಿ ಮಗುವಿನ ವೃತ್ತಿ ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ನಮ್ಮ ಮಗಳು ಹನ್ನೊಂದಕ್ಕೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ತಗೊಂಡಳು. ಬೇಸಿಗೆ ರಜೆಯಲ್ಲಿ ಊರಲ್ಲಿ ಮಾವನ ಜೊತೆ ಕೂತು ಬಾವಿಯ ಪಂಪ್ ಬಿಚ್ಚಿದಳು. ಮೊದಲ ಸಲ ಜೋಡಿಸಿದಾಗ ಎರಡು ವಾಷರ್ ಉಳಿದುಹೋದವು, ಪಂಪ್ ನೀರು ಎತ್ತಲಿಲ್ಲ. ಮಾವ ಏನೂ ಹೇಳದೆ ಸ್ಪ್ಯಾನರ್ ಮತ್ತೆ ಅವಳ ಕೈಗೇ ಕೊಟ್ಟರಂತೆ. ಸಂಜೆಗೆ ನೀರು ಬಂತು. ದೋಹಾಕ್ಕೆ ಮರಳಿದ ಮೇಲೆ ಅದೇ ಹಾಳೆ ತುಂಬಿಸಿದಳು. ಎರಡಿದ್ದ ಅಂಕ ಮೂರಾಗಿತ್ತು. ಐದಲ್ಲ, ಮೂರು. ಮುಂದೆ ಇಂಜಿನಿಯರ್ ಆಗುತ್ತಾಳೋ ಇಲ್ಲವೋ ನಮಗೆ ಗೊತ್ತಿಲ್ಲ.

ಈಗಲೂ ಶುಕ್ರವಾರ ಅಜ್ಜಿ ಕೇಳುತ್ತಾರೆ, "ಹುಡುಗಿಗೆ ಮುಂದೆ ಏನು ಮಾಡಿಸ್ತೀರಿ?" ನಾವು ಫೋನನ್ನು ಮಗಳ ಕೈಗೆ ಕೊಡುತ್ತೇವೆ.