ಅರ್ಧ ಗಂಟೆ ತೋರಿಸುವ ವಾಚ್ ಯಾವುದು?

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾ ವಿಮಾನವೊಂದು ಹೊರಟಿತು. ಪೈಲಟ್‌ಗಳೆಲ್ಲ ಮಹಿಳೆಯರೇ. ಉತ್ತರ ಧ್ರುವದ ಕಡೆಯಿಂದ ಹಾರಿ, ನಡುವೆ ಎಲ್ಲೂ ಇಳಿಯದೆ, ಸುಮಾರು 17 ಗಂಟೆಯಲ್ಲಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಿತು. ಇಳಿದಾಗ ಇಲ್ಲಿ 11ನೇ ತಾರೀಖಿನ ನಸುಕು. ಹಾಗಾದರೆ 10ನೇ ತಾರೀಖು ಎಲ್ಲಿ ಹೋಯಿತು, ಮಕ್ಕಳೇ? ಎಲ್ಲೂ ಹೋಗಿಲ್ಲ. ವಿಮಾನ ಅಲ್ಲಿ ಹೊರಡುವಾಗಲೇ ನಮ್ಮಲ್ಲಿ 10ರ ಬೆಳಿಗ್ಗೆಯಾಗಿತ್ತು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಹದಿಮೂರರ ಲೆಕ್ಕ ಸುಲಭ. ತೊಡಕಿರುವುದು ಆ ಅರ್ಧದಲ್ಲಿ.

ಈ ಅರ್ಧದ ಬೆಲೆ ನನಗೆ ತಿಳಿದದ್ದು ಅಕ್ಕನ ಮಗನಿಂದ. ಅಕ್ಕ, ಭಾವ ಇರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಮಗ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ್ದಾನೆ. ಅಕ್ಕನಿಗೆ ಫೋನ್ ಮಾಡುವ ಆಸೆ, ಮಾಡಲು ಅಂಜಿಕೆ. “ಮಲಗಿರ್ತಾನೋ ಎದ್ದಿರ್ತಾನೋ, ಬೇಡ ಬಿಡು” ಎಂದು ಸುಮ್ಮನಾಗುತ್ತಿದ್ದಳು. ಭಾವ ಸೊಪ್ಪು ಕೊಯ್ಯುವಾಗ ಫೋನನ್ನು ಮನೆಯಲ್ಲೇ ಬಿಡುವವರು, ಕೈಯಲ್ಲಿ ಹಳೆಯ ಎಚ್‌ಎಂಟಿ ಮಾತ್ರ. ಊರಿಗೆ ಬಂದಿದ್ದ ಮಗ ಕೇಳಿದ: “ಮಾವ, ಅಪ್ಪನಿಗೆ ಎರಡು ದೇಶದ ಟೈಮ್ ತೋರಿಸೋ ಒಳ್ಳೆ ವಾಚ್ ಕೊಡಿಸ್ಬೇಕು. ದುಡ್ಡು ಎಷ್ಟಾದ್ರೂ ಆಗ್ಲಿ, ಯಾವುದು ತಗೊಳ್ಳಲಿ?”

ದುಡ್ಡು ಎಷ್ಟಾದರೂ ಆಗಲಿ ಎನ್ನುವವರೇ ಮೊದಲು ನಿಧಾನಿಸಬೇಕು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ. ಭಾರತದ ಸಮಯಕ್ಕೆ ಆಧಾರ ಪೂರ್ವ ರೇಖಾಂಶ 82.5 ಡಿಗ್ರಿ. ಭಾಗಿಸಿದರೆ ಐದೂವರೆ. ಅದಕ್ಕೇ ನಾವು ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಬಹಳಷ್ಟು ದೇಶಗಳ ನಡುವಿನ ವ್ಯತ್ಯಾಸ ಇಡೀ ಗಂಟೆಗಳಲ್ಲಿ. ದುಬಾರಿ ವಾಚುಗಳಲ್ಲಿ ಹೆಚ್ಚಿನವು ಆ ಇಡೀ ಗಂಟೆಯನ್ನೇ ನಂಬಿ ತಯಾರಾದವು.

ಇಂಥ ವಾಚುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಜಿಎಂಟಿ ವಾಚ್. 1950ರ ದಶಕದಲ್ಲಿ ಪ್ಯಾನ್ ಆಮ್ ಕಂಪನಿಯ ಪೈಲಟ್‌ಗಳಿಗಾಗಿ ರೋಲೆಕ್ಸ್ ತಯಾರಿಸಿದ ಜಿಎಂಟಿ-ಮಾಸ್ಟರ್ ಇದರಲ್ಲಿ ಹೆಸರುವಾಸಿ. ಇದರಲ್ಲಿ ದಿನಕ್ಕೆ ಒಂದೇ ಸುತ್ತು ಹಾಕುವ ಇನ್ನೊಂದು ಮುಳ್ಳಿರುತ್ತದೆ. ಗಾಜಿನ ಸುತ್ತ ಬೆಜೆಲ್ ಎಂಬ ಬಳೆ. ಅನೇಕ ವಾಚುಗಳಲ್ಲಿ ಅದರ ಮೇಲೆ 24 ಗಂಟೆಯ ಅಂಕಿ. ಹೀಗಾಗಿ ಅಲ್ಲಿ 8 ಎಂದರೆ ಬೆಳಿಗ್ಗೆಯೋ ರಾತ್ರಿಯೋ ಎಂಬ ಗೊಂದಲವಿಲ್ಲ. ಆದರೆ ನಿಮಿಷದ ಮುಳ್ಳು ಎರಡೂ ಊರಿಗೆ ಒಂದೇ! ಈ ಬಗೆಯಲ್ಲೂ ಎರಡು ಜಾತಿ. ಕೆಲವದರಲ್ಲಿ ಕೀ ತಿರುಗಿಸಿದರೆ ಊರಿನ ಗಂಟೆಮುಳ್ಳೇ ಜಿಗಿಯುತ್ತದೆ. ಊರೂರು ಸುತ್ತುವವರಿಗೆ ಅದು ಅನುಕೂಲ. ಇನ್ನು ಕೆಲವದರಲ್ಲಿ 24 ಗಂಟೆಯ ಮುಳ್ಳು ಜಿಗಿಯುತ್ತದೆ. ಮನೆಯಲ್ಲಿದ್ದು ಬೇರೆ ಊರಿನ ಸಮಯ ನೋಡುವವರಿಗೆ ಇದು ಸಾಕು.

ಎರಡನೆಯದರಲ್ಲಿ ಒಂದೇ ಡಬ್ಬಿಯೊಳಗೆ ಎರಡು ಯಂತ್ರ, ಎರಡು ಡಯಲ್. ನಿಮಿಷವನ್ನೂ ಬೇರೆ ಬೇರೆ ಇಡಬಹುದಾದ್ದರಿಂದ ನಮ್ಮ ಅರ್ಧ ಗಂಟೆಗೆ ತಕರಾರಿಲ್ಲ. ಆದರೆ ವಾಚ್ ದಪ್ಪ, ಅಂಕಿ ಸಣ್ಣ.

ಮೂರನೆಯದು ವರ್ಲ್ಡ್ ಟೈಮರ್. ಡಯಲ್ ಸುತ್ತ ಊರುಗಳ ಹೆಸರು, ಸಾಮಾನ್ಯವಾಗಿ 24. ಅರ್ಧ ಗಂಟೆಯ ದೇಶಗಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. 2011ರಲ್ಲಿ ವಾಶೆರಾನ್ ಕಾನ್‌ಸ್ಟಾಂಟಿನ್ ಕಂಪನಿ 37 ಸಮಯವಲಯ ತೋರಿಸುವ ವಾಚ್ ತಂದು ಭಾರತದಂಥ ದೇಶಗಳನ್ನೂ ಸೇರಿಸಿತು. ಅದರ ಬೆಲೆಯಲ್ಲಿ ಒಂದು ತೋಟವನ್ನೇ ಕೊಳ್ಳಬಹುದು, ಬಿಡಿ!

ನಮಗೆ ಬೇಕಾದ ಉತ್ತರ ಸಿಕ್ಕಿದ್ದು ಬಳೆಯಲ್ಲಿ. ಕೆಲವು ಜಿಎಂಟಿ ವಾಚುಗಳ ಬಳೆ ಒಂದು ಸುತ್ತಿಗೆ 24 ಸಲ ‘ಟಕ್’ ಎನ್ನುತ್ತದೆ, ಕೆಲವದು 48 ಸಲ. 48 ಇದ್ದರೆ ಬಳೆಯನ್ನು ಅರ್ಧ ಗಂಟೆಗೂ ನಿಲ್ಲಿಸಬಹುದು. ಆಗ ಇಲ್ಲಿ ರಾತ್ರಿ 8 ಆದಾಗ 24 ಗಂಟೆಯ ಮುಳ್ಳು ಬಳೆಯ ಮೇಲೆ 6 ಮತ್ತು 7ರ ನಟ್ಟನಡುವೆ ಇರುತ್ತದೆ. ಅಲ್ಲಿ ಬೆಳಿಗ್ಗೆ ಆರೂವರೆ, ಸರಿಯಾಗಿ. ಅಮೆರಿಕದಲ್ಲಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಬದಲಿಸುತ್ತಾರೆ. ಆಗ ಬಳೆಯನ್ನು ಎರಡು ‘ಟಕ್’ ತಿರುಗಿಸಿದರಾಯಿತು.

ಭಾವ ಬೆಂಗಳೂರಿನ ಅಂಗಡಿಯಲ್ಲಿ ಬೆಲೆ ಕೇಳಲಿಲ್ಲ. “ಇದ್ರಲ್ಲಿ ಅರ್ಧ ಗಂಟೆ ತೋರ್ಸಪ್ಪ” ಎಂದರು. ಮಗ ಮೆಚ್ಚಿದ್ದ ವಾಚ್ ಅಲ್ಲೇ ಸೋತಿತು. ಗೆದ್ದದ್ದು ಅದರ ಅರ್ಧ ಬೆಲೆಯದು.

ನೀವೂ ಕೊಳ್ಳುವುದಾದರೆ ಇನ್ನಷ್ಟು ನೋಡಿ. 30 ಮೀಟರ್ ಎಂದು ಬರೆದಿದ್ದರೆ ಅದು ಕೈ ತೊಳೆಯುವಾಗ ಸಿಡಿಯುವ ನೀರಿಗಷ್ಟೇ. ನೀರು, ಕೆಸರಿನಲ್ಲಿ ಕೆಲಸ ಮಾಡುವವರಿಗೆ 100 ಮೀಟರ್ ಇರಲಿ. ಯಾಂತ್ರಿಕ ವಾಚಿಗೆ ಕೆಲವು ವರ್ಷಕ್ಕೊಮ್ಮೆ ಸರ್ವಿಸ್ ಬೇಕು. ಖರ್ಚೆಷ್ಟು, ಎಲ್ಲಿ ಮಾಡುತ್ತಾರೆ ಎಂದು ಮೊದಲೇ ಕೇಳಿ. ಬಿಲ್ ಮತ್ತು ವಾರಂಟಿ ಕಾರ್ಡಿನ ನಂಬರ್ ವಾಚಿನ ನಂಬರಿಗೆ ಹೊಂದಬೇಕು. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು.

ಈಗ ಅಕ್ಕ ಫೋನ್ ಮಾಡಲು ಅಂಜುವುದಿಲ್ಲ. ಭಾವನ ಕೈ ಹಿಡಿದು ನೋಡಿ, ಮುಳ್ಳು 7 ದಾಟಿದ್ದರೆ ಮಗನಿಗೆ ಫೋನ್ ಹೋಯಿತೆಂದೇ ಲೆಕ್ಕ.

ಕೊನೆಗೆ ಮಕ್ಕಳಿಗೊಂದು ಪುಕ್ಕಟೆ ವಿದ್ಯೆ. ಮುಳ್ಳಿರುವ ಯಾವುದೇ ವಾಚನ್ನು ತಲೆಕೆಳಗು ಹಿಡಿಯಿರಿ. ಅಂಕಿ ಮರೆತು ಮುಳ್ಳುಗಳನ್ನಷ್ಟೇ ನೋಡಿ. ಇಲ್ಲಿ ಬೆಳಿಗ್ಗೆ 10 ಆಗಿದ್ದರೆ ಗಂಟೆಮುಳ್ಳು 4ರ ಜಾಗದಲ್ಲಿ, ನಿಮಿಷದ್ದು 6ರ ಜಾಗದಲ್ಲಿ ಕಾಣುತ್ತದೆ. ನಾಲ್ಕೂವರೆ! ಅದೇ ಲಂಡನ್ನಿನ ಚಳಿಗಾಲದ ಸಮಯ. ಅರ್ಧ ಸುತ್ತು ತಿರುಗಿಸಿದಾಗ ಗಂಟೆ ಆರು ಹಿಂದೆ, ನಿಮಿಷ ಮೂವತ್ತು ಮುಂದೆ, ಒಟ್ಟು ಐದೂವರೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಒಂದು ಗಂಟೆ ಸೇರಿಸಿಕೊಳ್ಳಿ. ತೊಡಕು ಎನಿಸಿದ ಆ ಅರ್ಧ ಗಂಟೆಯೇ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ, ನೋಡಿ.